ಸಹಾಯ ಬೇಕು: ಹಾಡಿಯಿಂದ ಬರುವ ರೋಗಿಗಳ ನೋವು ಅಳೆಯೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಎಂ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿನಿ. ಚಾಮರಾಜನಗರ, ಎಚ್.ಡಿ. ಕೋಟೆ ಕಡೆಯ ಸೋಲಿಗ, ಜೇನು ಕುರುಬ ಬುಡಕಟ್ಟುಗಳ ಹಾಡಿಗಳಲ್ಲಿ ಸಿಕಲ್ ಸೆಲ್ (ಹುಟ್ಟಿನಿಂದಲೇ ಬರುವ, ತೀವ್ರ ನೋವು ತರುವ ರಕ್ತದ ಕಾಯಿಲೆ) ಇರುವವರ ನೋವಿನ ಆರೈಕೆ ನನ್ನ ಥೀಸಿಸ್ ವಿಷಯ. 2023ರ ಜುಲೈನಲ್ಲಿ ಕೇಂದ್ರದ ಸಿಕಲ್ ಸೆಲ್ ನಿರ್ಮೂಲನಾ ಮಿಷನ್ ಶುರುವಾಯಿತು, ರಕ್ತಪರೀಕ್ಷೆಗೆ ಒತ್ತು ಬಂತು, ಒಳ್ಳೆಯದೇ. ಆದರೆ ಕಾಯಿಲೆ ಗೊತ್ತಾದ ಮೇಲೆ ವಾರ್ಡಿನಲ್ಲಿ ಏನಾಗುತ್ತದೆ?

ನಾವು ಸುಮ್ನೆ ‘ಸೊನ್ನೆಯಿಂದ ಹತ್ತರಲ್ಲಿ ನೋವು ಎಷ್ಟು’ ಅಂತ ಕೇಳಿಬಿಡುತ್ತೇವೆ. ಒಬ್ಬ ಹೆಂಗಸು ಮಂಚದ ಕಂಬಿಯನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದುಕೊಂಡೇ, ಸಿಸ್ಟರ್ ಮುಖ ನೋಡಿ, ಮೆಲ್ಲಗೆ ‘ಎರಡು’ ಅಂದರು. ಚಾರ್ಟಿನಲ್ಲಿ ಎರಡು ಅಂತಲೇ ಬಿತ್ತು, ಸಿಕ್ಕಿದ್ದು ಪ್ಯಾರಸಿಟಮಾಲ್. ಕಾಯಿಲೆಯ ನೋವು ಏರಿದಾಗ ಅದು ಎಲ್ಲಿ ಸಾಲುತ್ತದೆ, ಅಲ್ವಾ? ದೊಡ್ಡ ಆಸ್ಪತ್ರೆಯಲ್ಲಿ ಜೋರಾಗಿ ನೋವು ಅನ್ನೋಕೇ ಇವರು ಹಿಂಜರಿಯುತ್ತಾರೆ ಅಂತ ನನಗನ್ನಿಸುತ್ತದೆ.

ಮುಖದ ಚಿತ್ರಗಳ ನೋವಿನ ಅಳತೆಯನ್ನು ಓದು ಬರದ ದೊಡ್ಡವರ ಮೇಲೆ ಬಳಸಿದವರು ಇದ್ದೀರಾ? ಮಕ್ಕಳಿಗಾಗಿ ಮಾಡಿದ್ದು ಅಂತ ಗೈಡ್ ಒಪ್ಪುತ್ತಿಲ್ಲ. ಬಿಳಿಗಿರಿರಂಗನ ಬೆಟ್ಟದ ಕಡೆಯ ನರ್ಸ್ ಅಥವಾ ಆಶಾ ಕಾರ್ಯಕರ್ತೆ ಯಾರಾದರೂ ನನ್ನ ಪ್ರಶ್ನಾವಳಿ ಓದಿ, ಯಾವ ಪ್ರಶ್ನೆ ಮುಜುಗರ ತರುತ್ತದೆ ಅಂತ ಹೇಳಿದರೆ ದೊಡ್ಡ ಉಪಕಾರ.

ಇನ್ನೊಂದು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ಹೆಬ್ಬೆಟ್ಟು ಒತ್ತುವವರ ಒಪ್ಪಿಗೆಗೆ ಸಂಶೋಧನೆಗೆ ಸಂಬಂಧವಿಲ್ಲದ ಸಾಕ್ಷಿ ಬೇಕು. ರಾತ್ರಿ ಪಾಳಿಯಲ್ಲಿ ಅಂಥವರನ್ನು ಎಲ್ಲಿಂದ ತರೋದು? ನೀವು ಹೇಗೆ ಮಾಡಿದ್ರಿ?

ಕಾಮೆಂಟಿನಲ್ಲಿ ರೋಗಿಗಳ ಹೆಸರು, ಫೋಟೋ ಹಾಕಬೇಡಿ. ಪ್ರಶ್ನಾವಳಿ ಬೇಕಾದವರು ಮೆಸೇಜ್ ಮಾಡಿ, ಕಳಿಸುತ್ತೇನೆ.