ಮಳೆಗಾಲದಲ್ಲಿ ಸೈಟಿನ ಡ್ರಾಯಿಂಗು, ರಿಜಿಸ್ಟರು ಎಲ್ಲಿ ಇಡುತ್ತೀರಿ?

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಸಣ್ಣ ಕಾಂಟ್ರಾಕ್ಟರ್

ಎರಡು ಅಂತಸ್ತಿನ ಮನೆ ಕೆಲಸ ಹಿಡಿದಿದ್ದೇನೆ. ಸೈಟಿನಲ್ಲಿ ಆಫೀಸ್ ರೂಮ್ ಇಲ್ಲ. ಸಿಮೆಂಟ್ ಇಡೋಕೆ ಒಂದು ತಗಡಿನ ಶೆಡ್ ಇದೆ, ಅಷ್ಟೇ. ಹೋದ ವರ್ಷ ಇನ್ನೊಂದು ಕೆಲಸದಲ್ಲಿ ಆರಿದ್ರಾ ಮಳೆ ಎರಡು ದಿನ ಬಿಡದೆ ಹೊಡೆಯಿತು. ಶೆಡ್ಡಿನೊಳಗೆ ಇರಚಲು ಬಂದು ಡ್ರಾಯಿಂಗ್‌ಗಳು ಮುದ್ದೆಯಾದವು. ಕಾಂಕ್ರೀಟಿನ ಗಟ್ಟಿತನ ನೋಡೋಕೆ ಮಾಡುವ ಕ್ಯೂಬ್ ಟೆಸ್ಟಿನ 28 ದಿನದ ರಿಸಲ್ಟ್ ಬರೆದಿದ್ದ ಪುಟಗಳು ಒಂದಕ್ಕೊಂದು ಅಂಟಿಕೊಂಡವು. ಮನೆ ಕಟ್ಟಿಸುವವರು ಕೇಳಿದಾಗ ತೋರಿಸೋಕೆ ಕೈಯಲ್ಲಿ ಏನೂ ಇರಲಿಲ್ಲ. ಈ ಸಲ ಹೊರಗೋಡೆಗೆ ಹಾಕುವ ಪೆಟ್ಟಿಗೆ, ಗೇಟಿನ ಹತ್ತಿರ ಒಂದು ಬೋರ್ಡು ಮಾಡಿಸಬೇಕು ಅಂತಿದ್ದೇನೆ. ಯಾವುದು ತಾಳುತ್ತದೆ? ಮಾಡಿ ನೋಡಿದವರು ಹೇಳಿ.

ಉತ್ತರ: ಉಡುಪಿಯ ಸೈಟ್ ಎಂಜಿನಿಯರ್

ನಾನು ಮೊದಲು ಮಾಡಿದ ತಪ್ಪನ್ನೇ ಹೇಳುತ್ತೇನೆ. ನೀವೂ ಅದನ್ನೇ ಮಾಡುವ ಸಾಧ್ಯತೆ ಜಾಸ್ತಿ.

ಕರೆಂಟ್ ಪ್ಯಾನೆಲ್‌ಗೆ ಬಳಸುವ ಐಪಿ65 ಪೆಟ್ಟಿಗೆ ತಂದೆ. 6 ಅಂದರೆ ಧೂಳು ಒಳಗೆ ಹೋಗಲ್ಲ. 5 ಅಂದರೆ ಪೈಪಿನಲ್ಲಿ ನೀರು ಚಿಮ್ಮಿಸಿದರೂ ತಡೆಯುತ್ತದೆ. ಬಾಗಿಲಿಗೆ ಒಳ್ಳೆ ರಬ್ಬರ್ ಗ್ಯಾಸ್ಕೆಟ್ ಇತ್ತು. ಇನ್ನು ಚಿಂತೆ ಇಲ್ಲ ಅಂದುಕೊಂಡೆ. ಹದಿನೈದು ದಿನ ಬಿಟ್ಟು ತೆಗೆದರೆ ಬಾಗಿಲಿನ ಒಳಮೈಯಲ್ಲಿ ಹನಿ ಕಟ್ಟಿತ್ತು. ಕಾಗದಕ್ಕೆ ಬೂಸ್ಟು ಹಿಡಿದಿತ್ತು. ಮಳೆ ನೀರು ಒಂದು ತೊಟ್ಟೂ ಒಳಗೆ ಹೋಗಿರಲಿಲ್ಲ.

ಆ ನೀರು ಒಳಗೇ ಹುಟ್ಟಿದ್ದು. ಮಳೆಗಾಲದಲ್ಲಿ ನಾವು ಬಾಗಿಲು ತೆಗೆದಾಗೆಲ್ಲ ತೇವದ ಗಾಳಿ ಒಳಗೆ ಸೇರುತ್ತದೆ. ಸ್ವಲ್ಪ ಬಿಸಿಲು ಬಂದರೆ ಪೆಟ್ಟಿಗೆ ಕಾಯುತ್ತದೆ. ಸಂಜೆ ಮಳೆ ಬಿದ್ದು ತಗಡು ತಣ್ಣಗಾದಾಗ ಆ ತೇವ ಹನಿಯಾಗಿ ಇಳಿಯುತ್ತದೆ. ಹೊರಗೆ ಹೋಗೋಕೆ ದಾರಿ ಇಲ್ಲ, ಹಾಗಾಗಿ ಕಾಗದವೇ ಅದನ್ನು ಹೀರಿಕೊಳ್ಳುತ್ತದೆ. ಇನ್ನೊಂದು ವಿಷಯ. ಪೆಟ್ಟಿಗೆ ತಣ್ಣಗಾಗುವಾಗ ಒಳಗಿನ ಗಾಳಿ ಕುಗ್ಗಿ ಹೊರಗಿನಿಂದ ಎಳೆದುಕೊಳ್ಳುತ್ತದೆ. ಗ್ಯಾಸ್ಕೆಟ್ ಒಂದು ಕಡೆ ಸಡಿಲವಾಗಿ ಅಲ್ಲಿ ನೀರು ನಿಂತಿದ್ದರೆ ಅದೂ ಒಳಗೆ ಬರುತ್ತದೆ.

ಆಮೇಲೆ ಪೆಟ್ಟಿಗೆಯ ತಳದಲ್ಲಿ 6 ಮಿ.ಮೀ. ತೂತು ಎರಡು ಕೊರೆದೆ. ಇರುವೆ, ಜಿರಲೆ ಬರದ ಹಾಗೆ ಒಳಗಿನಿಂದ ಸಣ್ಣ ಜಾಲರಿ ಅಂಟಿಸಿದೆ. ತಳದಿಂದ ಎರಡು ಇಂಚು ಮೇಲೆ ಒಂದು ತಟ್ಟೆ ಹಾಕಿ ಅದರ ಮೇಲೆ ಫೈಲು ಇಟ್ಟೆ. ಹೀಗೆ ಕೊರೆದ ಮೇಲೆ ಅದು ಐಪಿ65 ಆಗಿ ಉಳಿಯಲ್ಲ, ಅದರಲ್ಲಿ ಮತ್ತೆ ಕರೆಂಟ್ ಸಾಮಾನು ಹಾಕಬೇಡಿ. ಕಾಗದಕ್ಕೆ ಮಾತ್ರ ಅದೇ ಸರಿ. ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಅದು ತುಂಬಿತು ಅಂತ ಅರ್ಥ, ಬದಲಿಸಿ.

ಎಲ್ಲಿ ಹಾಕುತ್ತೀರಿ ಅನ್ನೋದು ಪೆಟ್ಟಿಗೆಯಷ್ಟೇ ಮುಖ್ಯ. ನಮ್ಮಲ್ಲಿ ಗಾಳಿಮಳೆ ನೈಋತ್ಯದಿಂದ ಬರುತ್ತದೆ. ಪಶ್ಚಿಮದ ಗೋಡೆಗೆ ಹಾಕಿದರೆ ಪ್ರತಿ ಸಲ ಬಾಗಿಲು ತೆಗೆದಾಗ ಇರಚಲು ನೇರ ಒಳಗೆ. ಪೂರ್ವಕ್ಕೋ ಉತ್ತರಕ್ಕೋ ಹಾಕಿ, ಮೇಲೆ ಒಂದು ಅಡಿ ಮುಂದಕ್ಕೆ ಚಾಚಿದ ತಗಡಿನ ಸೂರು ಕೊಡಿ. ಯಾವ ಐಪಿ ನಂಬರೂ ಬಾಗಿಲು ಮುಚ್ಚಿರುವಾಗಿನ ಲೆಕ್ಕವೇ ಅಲ್ವಾ? ಬಾಗಿಲು ತೆಗೆದು ನಿಂತವರನ್ನು ಕಾಯೋದು ಆ ಸೂರು.

ಸಮುದ್ರದ ಹತ್ತಿರ ಇರೋರಿಗೆ ಒಂದು ಮಾತು. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೂ ಉಪ್ಪುಗಾಳಿಗೆ ಕಂದು ಕಲೆ ಬರುತ್ತದೆ. 316 ಒಳ್ಳೆಯದು, ಆದರೆ ದುಬಾರಿ. ನಾನು ಈಗ ಫೈಬರ್ ಪೆಟ್ಟಿಗೆಗೆ ಬಂದಿದ್ದೇನೆ. ನಮ್ಮಲ್ಲಿ ಮೊದಲು ಹೋಗೋದು ಪೆಟ್ಟಿಗೆ ಅಲ್ಲ, ಹಿಂಜು ಮತ್ತು ಬೀಗ. ಹಿತ್ತಾಳೆ ಬೀಗ ಹಾಕಿ.

ಉತ್ತರ: ಹಾಸನದ ಮೇಸ್ತ್ರಿ

ಪೆಟ್ಟಿಗೆ ಬರುವ ತನಕ ಪೈಪು ಸಾಕು. ನಾಲ್ಕು ಇಂಚಿನ ಪಿವಿಸಿ ಪೈಪ್ ತುಂಡು ಸೈಟಿನಲ್ಲಿ ಇದ್ದೇ ಇರುತ್ತದೆ. ಎ1 ಹಾಳೆಯ ಗಿಡ್ಡ ಬದಿ 594 ಮಿ.ಮೀ., ಅಂದರೆ ಎರಡು ಅಡಿಗೆ ಸ್ವಲ್ಪ ಕಮ್ಮಿ. ಪೈಪನ್ನು 26 ಇಂಚಿಗೆ ಕತ್ತರಿಸಿ. ಒಂದು ತುದಿಗೆ ಕ್ಯಾಪ್ ಅಂಟಿಸಿ, ಇನ್ನೊಂದಕ್ಕೆ ತಿರುಗಿಸಿ ತೆಗೆಯುವ ಕ್ಯಾಪ್ ಹಾಕಿ. ಬಾಯಿ ಸ್ವಲ್ಪ ಕೆಳಗೆ ಮಾಡಿ ನೇತುಹಾಕಿ. ಹೊರಗೆ ಪೇಂಟಿನಲ್ಲಿ ‘ಫೌಂಡೇಶನ್’, ‘ಸ್ಲ್ಯಾಬ್’ ಅಂತ ಬರೆದುಬಿಡಿ. ಒದ್ದೆ ಹಾಳೆಯನ್ನು ಮಾತ್ರ ಹಾಗೇ ಸುತ್ತಿ ಒಳಗೆ ಹಾಕಬೇಡಿ.

ಉತ್ತರ: ಬೆಂಗಳೂರಿನಲ್ಲಿ ಪ್ಲಾನ್ ಪ್ರಿಂಟ್ ಅಂಗಡಿ ಇಟ್ಟಿರುವವರು

ಎಲ್ಲರೂ ಪೆಟ್ಟಿಗೆ ಬಗ್ಗೆ ಹೇಳುತ್ತಿದ್ದೀರಿ. ಕಾಗದದ ಬಗ್ಗೆ ನಾನು ಹೇಳುತ್ತೇನೆ. ಲೇಸರ್ ಪ್ರಿಂಟಿನ ಟೋನರ್ ಅಂದರೆ ಕಾಗದದ ಮೇಲೆ ಕರಗಿಸಿ ಅಂಟಿಸಿದ ಪುಡಿ. ನೆನೆದರೂ ಗೆರೆ ಹರಡಲ್ಲ. ಇಂಕ್‌ಜೆಟ್ಟಿನ ಡೈ ಇಂಕ್ ಒಂದು ಹನಿಗೇ ಹರಡುತ್ತದೆ. ದೊಡ್ಡ ಪ್ಲಾಟರ್‌ಗಳು ಸಾಮಾನ್ಯವಾಗಿ ಇಂಕ್‌ಜೆಟ್ ಆಗಿರುತ್ತವೆ, ಅದಕ್ಕೆ ಪಿಗ್ಮೆಂಟ್ ಇಂಕ್ ಇದೆಯಾ ಅಂತ ಕೇಳಿ ಪ್ರಿಂಟ್ ತೆಗೆಸಿ.

ಲ್ಯಾಮಿನೇಶನ್ ಮಾಡಿಸಿದ ಮೇಲೆ ಅಂಚನ್ನು ಕಾಗದದ ತನಕ ಕತ್ತರಿಸಿಬಿಡುತ್ತಾರೆ. ಚಂದ ಕಾಣುತ್ತೆ, ಆದರೆ ಅಲ್ಲಿಂದಲೇ ನೀರು ಹೀರುತ್ತದೆ. ಸುತ್ತ 6 ಮಿ.ಮೀ. ಪ್ಲಾಸ್ಟಿಕ್ ಅಂಚು ಬಿಡಿಸಿ. ನೇತುಹಾಕೋಕೆ ತೂತು ಬೇಕಾದರೆ ಕಾಗದಕ್ಕೆ ಮೊದಲು ದೊಡ್ಡ ತೂತು ಹಾಕಿ, ಲ್ಯಾಮಿನೇಟ್ ಮಾಡಿಸಿ, ಆ ತೂತಿನ ನಡುವೆ ಸಣ್ಣ ತೂತು ಹೊಡೆಯಿರಿ. ಆಗ ಕಾಗದದ ಅಂಚು ಎಲ್ಲೂ ಹೊರಗೆ ಬರಲ್ಲ. ಕಂಬಿ ಬಗ್ಗಿಸುವವರಿಗೆ ಕೊಡುವ ಅಳತೆಪಟ್ಟಿಯನ್ನು (ಶೆಡ್ಯೂಲು) ಎ3ಯಲ್ಲಿ ಹೀಗೇ ಮಾಡಿಸಿ. ಅವರ ಬೆಂಚಿನ ಮೇಲೆ ಬಿದ್ದಿದ್ದರೂ ತಡೆಯುತ್ತದೆ.

ರಿಜಿಸ್ಟರಿನಲ್ಲಿ ಜೆಲ್ ಪೆನ್ ಬೇಡ. ಪೆನ್ಸಿಲ್ ನೀರಿಗೆ ಹರಡಲ್ಲ, ಆದರೆ ಅಳಿಸಬಹುದು. ಹಾಗಾಗಿ ಲೆಕ್ಕಕ್ಕೆ ಬಾಲ್ ಪೆನ್.

ಉತ್ತರ: ಕಲಬುರಗಿಯ ಸೂಪರ್‌ವೈಸರ್

ನಮಗೆ ಮಳೆಗಿಂತ ಬಿಸಿಲಿನ ಕಾಟ. ಬೋರ್ಡಿನ ಬಗ್ಗೆ ನಾನು ಹೇಳಬಲ್ಲೆ. ಫ್ಲೆಕ್ಸ್ ಹಾಕಿದ್ದೆವು, ಗಾಳಿಗೆ ಹರಿಯಿತು. ಸನ್‌ಬೋರ್ಡ್ (ಪ್ಲಾಸ್ಟಿಕ್ ಫೋಮ್ ಹಲಗೆ) ಹಾಕಿದೆವು, ಏಪ್ರಿಲ್ ಬಿಸಿಲಿಗೆ ಬಾಗಿತು. ಬಣ್ಣದಲ್ಲಿ ಮೊದಲು ಹೋಗಿದ್ದು ಕೆಂಪು. ‘ಅಪಾಯ’ ಅಂತ ಬರೆದಿದ್ದೇ ಕಾಣದ ಹಾಗೆ ಆಯಿತು, ಕೆಳಗಿನ ಕಪ್ಪು ಅಕ್ಷರ ಹಾಗೇ ಇತ್ತು. ಇದನ್ನು ನೆನಪಿಡಿ: ಮುಖ್ಯ ಮಾತನ್ನು ಕೆಂಪು ಅಕ್ಷರದಲ್ಲಿ ಬರೆಸಬೇಡಿ. ಹಳದಿ ಮೇಲೆ ಕಪ್ಪು, ಇಲ್ಲಾ ಬಿಳಿ ಮೇಲೆ ಕಪ್ಪು.

ಕೊನೆಗೆ ಉಳಿದಿದ್ದು ಎರಡು. 3 ಮಿ.ಮೀ. ಎಸಿಪಿ (ನಡುವೆ ಪ್ಲಾಸ್ಟಿಕ್, ಎರಡೂ ಕಡೆ ಅಲ್ಯೂಮಿನಿಯಂ) ಶೀಟಿನ ಮೇಲೆ ಬಿಸಿಲು ತಡೆಯುವ ಯುವಿ ಲ್ಯಾಮಿನೇಶನ್ ಇರುವ ವಿನೈಲ್ ಸ್ಟಿಕರ್ ಒಂದು. ನಮ್ಮೂರ ಪೇಂಟರ್ ಜಿಐ (ಸತು ಲೇಪದ ಕಬ್ಬಿಣ) ತಗಡಿನ ಮೇಲೆ ಪ್ರೈಮರ್ ಹೊಡೆದು ಎನಾಮೆಲ್‌ನಲ್ಲಿ ಕೈಯಿಂದ ಬರೆದಿದ್ದು ಇನ್ನೊಂದು. ಆ ಪೇಂಟರ್ ಬರೆದ ಬೋರ್ಡು ಮೂರು ವರ್ಷ ನಿಂತಿದೆ. ನಿಮ್ಮೂರಲ್ಲಿ ಅಂಥವರು ಇದ್ದರೆ ಅವರಿಗೇ ಕೆಲಸ ಕೊಡಿ.

ಏನು ಬರೆಸಬೇಕು? ಲೈಸೆನ್ಸ್ ನಂಬರು, ತಾರೀಖು, ಜವಾಬ್ದಾರಿ ಹೊತ್ತ ಎಂಜಿನಿಯರ್ ಹೆಸರು, ತುರ್ತು ಸಹಾಯಕ್ಕೆ 112, ಆಂಬುಲೆನ್ಸ್‌ಗೆ 108, ಅಗ್ನಿಶಾಮಕಕ್ಕೆ 101. ಹತ್ತಿರದ ಆಸ್ಪತ್ರೆಗೆ ಹೋಗುವ ದಾರಿ. ನಮ್ಮಲ್ಲಿ ಬಿಹಾರ, ಒಡಿಶಾ ಕಡೆಯ ಹುಡುಗರು ಜಾಸ್ತಿ, ಓದು ಬಾರದವರೂ ಇದ್ದಾರೆ. ಅದಕ್ಕೆ ಚಿತ್ರ ಬೇಕೇ ಬೇಕು. ಹಳದಿ ತ್ರಿಕೋನ ಎಚ್ಚರಿಕೆಗೆ, ನೀಲಿ ವೃತ್ತ ಹೆಲ್ಮೆಟ್‌ನಂಥ ಕಡ್ಡಾಯಕ್ಕೆ, ಅಡ್ಡಗೆರೆ ಇರುವ ಕೆಂಪು ವೃತ್ತ ಬೇಡ ಅನ್ನೋದಕ್ಕೆ, ಹಸಿರು ಪ್ರಥಮ ಚಿಕಿತ್ಸೆಗೆ. ಇಲ್ಲಿ ಕೆಂಪು ಬಿಡೋಕೆ ಆಗಲ್ಲ, ಹಾಗಾಗಿ ಮಾಸಿದ ಕೂಡಲೇ ಮತ್ತೆ ಹೊಡೆಸಿ. ಇನ್ನು ಮಾರೋಕೆ ಕಟ್ಟುವ ಅಪಾರ್ಟ್‌ಮೆಂಟ್‌ನವರು ಓದುತ್ತಿದ್ದರೆ, 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 11ನೇ ಸೆಕ್ಷನ್ ನೋಡಿ. ಮಂಜೂರಾದ ನಕ್ಷೆಯನ್ನು ಸೈಟಿನಲ್ಲೋ ಬೇರೆ ಗೊತ್ತಾದ ಜಾಗದಲ್ಲೋ ಪ್ರದರ್ಶಿಸಿ, ಕೊಳ್ಳುವವರಿಗೆ ಸಿಗುವ ಹಾಗೆ ಮಾಡಬೇಕು.

ಉತ್ತರ: ಮೈಸೂರಿನ ಸ್ಟ್ರಕ್ಚರಲ್ ಎಂಜಿನಿಯರ್

ಒಣಗಿದ ಕಾಗದವೂ ಕೆಲಸ ಕೆಡಿಸುತ್ತದೆ. ನನ್ನ ಒಂದು ಸೈಟಿನಲ್ಲಿ ಪೆಟ್ಟಿಗೆ ಅಚ್ಚುಕಟ್ಟಾಗಿತ್ತು, ಒಂದು ಹನಿ ನೀರಿಲ್ಲ. ಆದರೆ ಅದರಲ್ಲಿದ್ದದ್ದು ಆರ್1, ಅಂದರೆ ಮೊದಲ ತಿದ್ದುಪಡಿಯ (ರಿವಿಷನ್) ಡ್ರಾಯಿಂಗ್. ನಾನು ಬೀಮಿನ ಮೇಲಿನ ಕಂಬಿ ಬದಲಿಸಿ ಆರ್2 ಕಳಿಸಿದ್ದೆ. ಅದು ಯಾರದೋ ಮೊಬೈಲಿನಲ್ಲಿ ಉಳಿಯಿತು. ಮೇಸ್ತ್ರಿ ಪೆಟ್ಟಿಗೆಯಲ್ಲಿದ್ದದ್ದನ್ನು ನಂಬಿ ಕಂಬಿ ಕಟ್ಟಿಸಿದ. ಅವನದು ತಪ್ಪಿಲ್ಲ. ಕಾಂಕ್ರೀಟ್ ಹಾಕುವ ಹಿಂದಿನ ಸಂಜೆ ನಾನು ಹೋಗಿ ನೋಡಿದ್ದಕ್ಕೆ ಬಿಚ್ಚಿಸಿದ್ದಾಯಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಂದಿನಿಂದ ಪೆಟ್ಟಿಗೆ ಬಾಗಿಲಿನ ಒಳಮೈಗೆ ಲ್ಯಾಮಿನೇಟ್ ಮಾಡಿದ ಒಂದು ಪಟ್ಟಿ ಅಂಟಿಸುತ್ತೇನೆ. ಡ್ರಾಯಿಂಗ್ ನಂಬರು, ಈಗಿನ ರಿವಿಷನ್ನು, ತಾರೀಖು. ಮಾರ್ಕರಿನಲ್ಲಿ ತಿದ್ದಬಹುದು. ಹೊಸದು ಇಟ್ಟವರು ಹಳೆಯದನ್ನು ಅವತ್ತೇ ಹೊರಗೆ ತೆಗೆದು ಅಡ್ಡಗೆರೆ ಎಳೆಯಬೇಕು. ಪಕ್ಕದಲ್ಲಿ ಒಂದು ಕ್ಯೂಆರ್ ಕೋಡ್ ಇರಲಿ, ಹೊಸ ಡ್ರಾಯಿಂಗ್‌ಗಳ ಫೋಲ್ಡರ್ ತೆರೆಯುವಂಥದ್ದು. ಮಾಡುವಾಗ ತಪ್ಪು ಸರಿಪಡಿಸುವ (ಎರರ್ ಕರೆಕ್ಷನ್) ‘ಎಚ್’ ಮಟ್ಟ ಆರಿಸಿ. ಸುಮಾರು ಶೇ. 30ರಷ್ಟು ಭಾಗಕ್ಕೆ ಸಿಮೆಂಟ್ ಮೆತ್ತಿದರೂ ಅದು ಓದಿಸಿಕೊಳ್ಳುತ್ತದೆ.

ಮಂಜೂರಾದ ಮೂಲ ನಕ್ಷೆ, ಲೈಸೆನ್ಸ್ ಮೂಲ ಪ್ರತಿ ದಯವಿಟ್ಟು ಸೈಟಿನಲ್ಲಿ ಇಡಬೇಡಿ. ಜೆರಾಕ್ಸ್ ಮಾತ್ರ ಇಡಿ. ಕ್ಯೂಬ್ ರಿಜಿಸ್ಟರಿನ ಪುಟವನ್ನು ದಿನಾ ಸಂಜೆ ಫೋಟೋ ತೆಗೆದು ಮನೆ ಕಟ್ಟಿಸುವವರಿಗೂ ಕಳಿಸಿ. ಕೀಲಿ ಎರಡು ಮಾಡಿಸಿ, ಒಂದು ಮೇಸ್ತ್ರಿ ಹತ್ತಿರ. ಎಂಜಿನಿಯರ್ ಕೀಲಿ ಜೇಬಿನಲ್ಲಿಟ್ಟುಕೊಂಡು ಊರಿಗೆ ಹೋದರೆ ಸೈಟು ನೆನಪಿನ ಮೇಲೆ ನಡೆಯುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಳಗೇ ನೀರು ಹುಟ್ಟುತ್ತೆ ಅನ್ನೋದು ನನಗೆ ತಲೆಗೇ ಹೊಳೆದಿರಲಿಲ್ಲ. ಇವತ್ತು ಪೈಪು ಕತ್ತರಿಸಿ ಮೂರು ಕೊಳವೆ ಮಾಡಿದೆವು. ಪೆಟ್ಟಿಗೆ ಪೂರ್ವದ ಗೋಡೆಗೆ, ಸೂರು ಸಮೇತ. ಬಾಗಿಲಿನ ಪಟ್ಟಿಯನ್ನು ನಮ್ಮ ಮೇಸ್ತ್ರಿಯೇ ಬರೆಯಲಿ ಅಂತ ಕೊಟ್ಟೆ. ಬರೆಯುತ್ತಾ ಸ್ಲ್ಯಾಬ್ ಡ್ರಾಯಿಂಗಿನ ಹತ್ತಿರ ನಿಂತು, ‘ಇದು ಆರ್0 ಅಂತಿದೆ, ಮೊನ್ನೆ ನೀವು ಫೋನಿನಲ್ಲಿ ತೋರಿಸಿದ್ದು ಬೇರೆ ಇತ್ತಲ್ಲ’ ಅಂದ. ನಾಳೆ ಬೆಳಿಗ್ಗೆ ತೀರ್ಥಹಳ್ಳಿಗೆ ಹೋಗಿ ಹೊಸದು ಪ್ರಿಂಟ್ ಹಾಕಿಸುತ್ತೇನೆ.