ಬೇನೆ ಬಂದಾಗ ಮಲಗಬೇಕಾ, ಓಡಾಡಬೇಕಾ?

ತುಮಕೂರು_ಹುಡುಗಿ: ಎಂಟು ತಿಂಗಳು ನಡೀತಿದೆ, ಚೊಚ್ಚಲು. ಬೇನೆ ಶುರುವಾದ ಮೇಲೆ ಮಲಗಬೇಡ, ಓಡಾಡ್ತಾ ಇರು ಅಂತಾರೆ ನಮ್ಮಜ್ಜಿ. ಆದರೆ ಆಸ್ಪತ್ರೆಗೆ ಹೋದ ತಕ್ಷಣ ಮಂಚ ಹತ್ತಿಸ್ತಾರಂತೆ. ಔಷಧಿ ಇಲ್ಲದೆ ನೋವು ಹಗುರ ಮಾಡೋ ದಾರಿ ನಿಜವಾಗಲೂ ಇದೆಯಾ, ಸುಮ್ನೆ ಮಾತಾ?

ಹೆರಿಗೆ_ವಾರ್ಡ್_ಸಿಸ್ಟರ್: ಅಜ್ಜಿ ಹೇಳಿದ್ದು ಸರಿ ತಂಗಿ. ಹಲವು ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದ 2013ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಮಲಗಿದವರಿಗಿಂತ ನಿಂತು, ಕೂತು, ಓಡಾಡಿದವರ ಹೆರಿಗೆಯ ಮೊದಲ ಹಂತ, ಅಂದರೆ ಗರ್ಭಕೋಶದ ಬಾಯಿ ಪೂರ್ತಿ ತೆರೆಯೋವರೆಗಿನ ಹೊತ್ತು, ಸುಮಾರು 1 ಗಂಟೆ 22 ನಿಮಿಷ ಬೇಗ ಮುಗಿದಿದೆ. ಮಗುವಿನ ತಲೆಯ ಭಾರ ಗರ್ಭಕೋಶದ ಬಾಯಿ ಮೇಲೆ ಬೀಳುತ್ತೆ, ಅದು ತೆರೆಯೋಕೆ ಸಹಾಯ. ಎರಡು ಗಂಟೆಗೊಮ್ಮೆ ಮೂತ್ರಕ್ಕೂ ಹೋಗಿ. ತುಂಬಿದ ಮೂತ್ರಕೋಶ ಮಗು ಇಳಿಯೋಕೆ ಅಡ್ಡ.

ಮಂಜು_ದಾವಣಗೆರೆ: ನೋವು ಕಮ್ಮಿ ಮಾಡೋಕೆ ಬೆನ್ನಿಗೆ ಕೊಡೋ ಎಪಿಡ್ಯೂರಲ್ ಇಂಜೆಕ್ಷನ್ ಇರುವಾಗ ಇದೆಲ್ಲ ಯಾಕೆ ಸಿಸ್ಟರ್? ನನ್ನ ಹೆಂಡತಿ ನೋವಲ್ಲಿ ಕೂಗುವಾಗ ಯಾರೋ "ಉಸಿರು ಬಿಡಮ್ಮಾ" ಅಂದರು. ಅವಳಿಗೆ ಬಂದ ಸಿಟ್ಟು ನೋಡಬೇಕಿತ್ತು!

ಹೆರಿಗೆ_ವಾರ್ಡ್_ಸಿಸ್ಟರ್: ಬೇಕು ಅನಿಸಿದರೆ ಎಪಿಡ್ಯೂರಲ್ ತಗೊಳ್ಳಲಿ, ಅದರಲ್ಲಿ ಸೋಲೇನಿದೆ? ಆದರೆ ಎಲ್ಲ ಊರಲ್ಲೂ, ಎಲ್ಲ ಹೊತ್ತಲ್ಲೂ ಅರಿವಳಿಕೆ ಡಾಕ್ಟರ್ ಸಿಗಲ್ಲ. ಅಲ್ಲೀವರೆಗೆ ಕೈ ಕಟ್ಟಿ ಕೂರಬೇಕಾ? ನೋವು ಬೆನ್ನಿಗೇ ಹೊಡೀತಿದ್ದರೆ ಹೀಗೆ ಮಾಡಿ. ಹೆರುವವರು ಮಂಡಿಯೂರಿ ಮುಂದಕ್ಕೆ ಬಾಗಿ, ಮಂಚದ ಮೇಲೆ ತೋಳಿಟ್ಟು ತಲೆ ಒರಗಿಸಲಿ. ಬೇನೆ ಏರುವಾಗ ನೀವು ಸೊಂಟದ ಕೆಳಗಿನ ಮೂಳೆಯನ್ನ ಅಂಗೈ ಬುಡದಿಂದ ಗಟ್ಟಿಯಾಗಿ ಒತ್ತಿ ಹಿಡೀರಿ. ಇಳಿದ ಮೇಲೆ ಬಿಡಿ. ಸವರೋದಲ್ಲ, ಒತ್ತೋದು. ಎಷ್ಟು ಜೋರು ಅಂತ ಅವರನ್ನೇ ಕೇಳಿ.

ಸವಿತಕ್ಕ_ಹಾಸನ: ಒತ್ತೋಕೆ ಒಳಗೆ ಬಿಡಬೇಕಲ್ಲ ಸಿಸ್ಟರ್! ನಾನು ಹೆತ್ತ ಕಡೆ ಅಮ್ಮನನ್ನೂ ಬಿಡಲಿಲ್ಲ. ಪಕ್ಕದ ಮಂಚದವಳು ಕಿರುಚಿದರೆ ನನಗೆ ಇನ್ನೂ ಭಯ.

ಹೆರಿಗೆ_ವಾರ್ಡ್_ಸಿಸ್ಟರ್: ಅದೇ ತಪ್ಪು ಅಕ್ಕ. ಭಯ ಜಾಸ್ತಿಯಾದರೆ ಬೇನೆಯೂ ಕುಂಟುತ್ತೆ. ಜೊತೆಗೊಬ್ಬರು ಇರಲಿ ಅಂತ ಹೆರಿಗೆ ಕೋಣೆಗಳನ್ನ ಸುಧಾರಿಸೋ ಕೇಂದ್ರ ಸರ್ಕಾರದ 2017ರ ‘ಲಕ್ಷ್ಯ’ ಕಾರ್ಯಕ್ರಮ, ವಿಶ್ವ ಆರೋಗ್ಯ ಸಂಸ್ಥೆ ಎರಡೂ ಹೇಳಿವೆ. ತುಂಬಿದ ವಾರ್ಡಿನಲ್ಲಿ ಪರದೆ ಇಲ್ಲ ಅಂತ ಗಂಡಂದಿರನ್ನ ಬಿಡಲ್ಲ. ಹೆಂಗಸರಾದರೂ ಬರಲಿ ಅಂತ ಪಟ್ಟು ಹಿಡೀರಿ.

ಮಂಜು_ದಾವಣಗೆರೆ: ಆಯ್ತು ಒಪ್ಪಿದೆ. ಹರಳೆಣ್ಣೆ ಕುಡಿಸಿದರೆ ಬೇನೆ ಜೋರಾಗುತ್ತೆ ಅಂತಾರಲ್ಲ, ಅದೂ ಔಷಧಿ ಇಲ್ಲದ್ದೇ ಅಲ್ವಾ?

ಹೆರಿಗೆ_ವಾರ್ಡ್_ಸಿಸ್ಟರ್: ಅದು ಭೇದಿ ಔಷಧಿ ರೀ! ಬೇನೆ ಹೊತ್ತಲ್ಲಿ ವಾಂತಿ, ಭೇದಿ ಯಾರಿಗೆ ಬೇಕು? ಡಾಕ್ಟರನ್ನ ಕೇಳದೆ ಕುಡಿಸಬೇಡಿ. ತಂಗಿ, ಇನ್ನೊಂದು ಮಾತು. ರಕ್ತ ಹೋಗ್ತಿದ್ದರೆ, ಬಿಪಿ ಜಾಸ್ತಿ ಇದ್ದರೆ, ಮಗುವಿನ ತಲೆ ಕೆಳಗಿಳಿದು ಕೂರುವ ಮೊದಲೇ ನೀರು ಹೋದರೆ ಓಡಾಡೋದು ಬೇಡ. ಡಾಕ್ಟರ್ ಹೇಳಿದ ಹಾಗೆ ಕೇಳಿ. ಆಗಲೂ ಅಂಗಾತ ಮಲಗೋ ಬದಲು ಎಡಗಡೆಗೆ ಹೊರಳಬಹುದು.

ತುಮಕೂರು_ಹುಡುಗಿ: ಥ್ಯಾಂಕ್ಸ್ ಸಿಸ್ಟರ್. ಸೋಮವಾರ ಚೆಕಪ್‌ಗೆ ಹೋದಾಗ ಅತ್ತಿಗೆಯನ್ನ ಒಳಗೆ ಬಿಡ್ತೀರಾ ಅಂತ ಮೊದಲೇ ಕೇಳ್ತೀನಿ. ಅವರ ಕೈ ಗಟ್ಟಿ, ದಿನಾ ರೊಟ್ಟಿ ತಟ್ಟೋರು.