ಸಹಾಯ ಬೇಕು: ಲಂಡನ್ನಿನ ಮ್ಯೂಸಿಯಂ ಆಫ್ ಬ್ರ್ಯಾಂಡ್ಸ್ ಮತ್ತು ಪೋರ್ಟೊಬೆಲ್ಲೊ ಸಂತೆ
ಬಳಗದ ಎಲ್ಲರಿಗೂ ನಮಸ್ಕಾರ. ತಾಯಿಯವರೊಂದಿಗೆ ಲಂಡನ್ನಿಗೆ ಬರುವಾಗ ನಾಟಿಂಗ್ ಹಿಲ್ ಭಾಗದ ಮ್ಯೂಸಿಯಂ ಆಫ್ ಬ್ರ್ಯಾಂಡ್ಸ್ ಹಾಗೂ ಸಮೀಪದ ಪೋರ್ಟೊಬೆಲ್ಲೊ ರಸ್ತೆಯ ಸಂತೆಯನ್ನು ಒಂದೇ ದಿನ ನೋಡಬೇಕೆಂದಿದ್ದೇನೆ. ರಾಬರ್ಟ್ ಓಪಿ ಎಂಬವರು 1963ರಲ್ಲಿ, 16ನೆಯ ವಯಸ್ಸಿನಲ್ಲಿ, ಮಿಠಾಯಿಯ ಹೊದಿಕೆಯೊಂದನ್ನು ಎಸೆಯದೆ ಎತ್ತಿಟ್ಟದ್ದರಿಂದ ಬೆಳೆದ ಈ ಸಂಗ್ರಹದಲ್ಲಿ ವಿಕ್ಟೋರಿಯಾ ರಾಣಿಯ ಕಾಲದಿಂದೀಚಿನ ಪೊಟ್ಟಣ, ಡಬ್ಬಿ, ಜಾಹೀರಾತುಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದ್ದಾರೆ. ಹಳೆಯ ಬಿಸ್ಕತ್ತಿನ ಡಬ್ಬಿಗಳಲ್ಲೇ ಇಂದಿಗೂ ಸಾಸಿವೆ, ಜೀರಿಗೆ ತುಂಬಿಡುವ ತಾಯಿಯವರಿಗೆ ಅರಮನೆಗಳಿಗಿಂತ ಇದೇ ಹೆಚ್ಚು ಹಿಡಿಸೀತು. ಹಳೆಯ ವಸ್ತುಗಳ ಮಳಿಗೆಗಳು ಶನಿವಾರವೇ ಹೆಚ್ಚಾಗಿ ತೆರೆದಿರುವುದರಿಂದ ಅಂದೇ ಹೋಗುವುದು ಅನಿವಾರ್ಯ, ಆದರೆ ಅವರಿಗೆ ಮೊಣಕಾಲು ನೋವಿದೆ. ಜನಸಂದಣಿಗೆ ಮುನ್ನ ಸಂತೆ ಮುಗಿಸಲು ಎಷ್ಟು ಗಂಟೆಗೆ ತಲುಪಬೇಕು? ಲ್ಯಾಡ್‌ಬ್ರೋಕ್ ಗ್ರೋವ್ ನಿಲ್ದಾಣದಲ್ಲಿ ಇಳಿದರೆ ಮೆಟ್ಟಿಲುಗಳ ತೊಂದರೆಯಿದೆಯೇ, ಅಥವಾ ಬಸ್ಸೇ ಉತ್ತಮವೇ? ಸಂತೆಯಲ್ಲಿ ಹಳೆಯ ತಗಡಿನ ಡಬ್ಬಿಗಳು ಯಾವ ಭಾಗದಲ್ಲಿ ಸಿಗುತ್ತವೆ, ಚೌಕಾಸಿ ನಡೆಯುತ್ತದೆಯೇ ಎಂಬುದನ್ನೂ ಅಲ್ಲಿಯೇ ನೆಲೆಸಿರುವವರು ದಯವಿಟ್ಟು ತಿಳಿಸಬೇಕು.